ನಾನು ತಪ್ಪಾಗಿ ಓದಿದ ಶನಿವಾರಗಳು

ಮಾವನಿಗೆ ಅಂಕಿಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದದ್ದು ಅವರ ಕಣ್ಣು ಮಂದವಾಗತೊಡಗಿದ ವರ್ಷ. ಅವರು ನನ್ನ ಅಮ್ಮನ ತಮ್ಮ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ, ಅದನ್ನು ಮಾರಿ, ಬಿ.ಸಿ.ರೋಡಿನ ಬಸ್ ನಿಲ್ದಾಣದ ಹಿಂದಿನ ಕಟ್ಟಡದಲ್ಲಿ ಮೂರನೆಯ ಮಹಡಿಯ ಫ್ಲ್ಯಾಟು ಕೊಂಡು ಅತ್ತೆಯೊಂದಿಗೆ ನೆಲೆಸಿದವರು. ಮಕ್ಕಳಿಲ್ಲ. ಗ್ಲೂಕೋಮಾ ಎಂದರು ಮಂಗಳೂರಿನ ವೈದ್ಯರು. ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬಂದಿತ್ತು. ಎದುರು ಕುಳಿತವರ ಮೂಗು ಕಾಣುತ್ತದೆ, ಕಿವಿ ಕಾಣುವುದಿಲ್ಲ ಎಂದು ಮಾವ ಹೇಳುತ್ತಿದ್ದರು. ಫೋನಿನ ಪರದೆಯ ಮೇಲಿನ ಸಣ್ಣ ಅಂಕಿಗಳಂತೂ ಅವರಿಗೆ ಸಂಪೂರ್ಣ ಕೈತಪ್ಪಿ ಹೋಗಿದ್ದವು. ಅತ್ತೆಗೆ ಆ ಅಂಕಿಗಳನ್ನು ಮುಟ್ಟುವುದೇ ಬೇಡವಾಗಿತ್ತು.

ನಾನು ಅಳದಂಗಡಿಯ ಹತ್ತಿರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮೂಡುಬಿದಿರೆಯಲ್ಲಿ ಬಾಡಿಗೆ ಮನೆ, ಒಬ್ಬಳೇ ಇರುತ್ತೇನೆ. ಶನಿವಾರ ಶಾಲೆ ಅರ್ಧ ದಿನ. ಗುರುವಾಯನಕೆರೆಗೆ ಬಂದು ಅಲ್ಲಿಂದ ಬಿ.ಸಿ.ರೋಡಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮಾವನ ಮನೆ ತಲಪುತ್ತಿದ್ದೆ. ಸಂಜೆ ಸಿದ್ದಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಮರಳುತ್ತಿದ್ದೆ. ವಾರಕ್ಕೊಮ್ಮೆ ಇಷ್ಟು ಸುತ್ತು ನನಗೆ ಕಷ್ಟವೆನಿಸುತ್ತಿರಲಿಲ್ಲ. ಅತ್ತೆಯ ಕೈಯ ಊಟ, ಮಾವನ ಮುಂಬಯಿ ಕತೆಗಳು, ನಡುವೆ ಹತ್ತು ನಿಮಿಷದ ಓದು. ಆರಂಭದಲ್ಲಿ ಅಷ್ಟೇ ಇತ್ತು.

ಮಾವ ಶೇರು ಮಾರುಕಟ್ಟೆಯಲ್ಲಿ ಶೇರಿನಂತೆಯೇ ಕೊಂಡು ಮಾರಬಹುದಾದ ನಾಲ್ಕೇ ನಾಲ್ಕು ಫಂಡುಗಳನ್ನು ಆರಿಸಿಕೊಂಡಿದ್ದರು. ದೊಡ್ಡ ಕಂಪನಿಗಳದ್ದು ಒಂದು, ಬ್ಯಾಂಕುಗಳದ್ದು ಒಂದು, ಔಷಧ ಕಂಪನಿಗಳದ್ದು ಒಂದು, ಬೆಳ್ಳಿಯದ್ದು ಒಂದು. ಚಿನ್ನ ಯಾಕೆ ಇಲ್ಲ ಎಂದು ಕೇಳಿದಾಗ ಅದು ನಿನ್ನ ಅತ್ತೆಯ ಕುತ್ತಿಗೆಯಲ್ಲಿ ಉಂಟಲ್ಲ ಎಂದಿದ್ದರು. ಈ ನಾಲ್ಕನ್ನು ಕೊಳ್ಳುವುದಕ್ಕೂ ಬಿಡುವುದಕ್ಕೂ ಅವರದ್ದೊಂದು ನಿಯಮ. ಶುಕ್ರವಾರ ಮಾರುಕಟ್ಟೆ ಮುಚ್ಚುವಾಗ ಇರುವ ಬೆಲೆ ಹಿಂದಿನ ಇಪ್ಪತ್ತು ಶುಕ್ರವಾರಗಳ ಎಲ್ಲ ಬೆಲೆಗಿಂತ ಮೇಲಿದ್ದರೆ ಕೊಳ್ಳುವುದು. ಕೊಂಡ ಮೇಲೆ, ಹಿಂದಿನ ಹತ್ತು ಶುಕ್ರವಾರಗಳ ಎಲ್ಲ ಬೆಲೆಗಿಂತ ಕೆಳಗೆ ಬಂದರೆ ಮಾರುವುದು. ನಡುವೆ ಏನಾದರೂ ಸುಮ್ಮನಿರುವುದು. ಹೋಟೆಲಿಗೆ ದಿನಾ ಬೆಳಿಗ್ಗೆ ಇಡ್ಲಿ ತಿನ್ನಲು ಬರುತ್ತಿದ್ದ, ಹತ್ತಿಯ ವ್ಯಾಪಾರದಲ್ಲಿದ್ದ ಮುದುಕರೊಬ್ಬರು ಇದನ್ನು ಹೇಳಿಕೊಟ್ಟರಂತೆ.

ನನಗೆ ಇದು ವಿಚಿತ್ರವಾಗಿ ಕಂಡಿತು. ಬೆಲೆ ಏರಿದ ಮೇಲೆ ಕೊಳ್ಳುವುದು, ಇಳಿದ ಮೇಲೆ ಮಾರುವುದು; ಸಂತೆಯಲ್ಲಿ ಯಾರೂ ಹೀಗೆ ಮಾಡುವುದಿಲ್ಲ. ಅದನ್ನೇ ಮಾವನಿಗೆ ಹೇಳಿದೆ.

“ಬೆಲೆ ಎಲ್ಲಿಗೆ ಹೋಗ್ತದೆ ಅಂತ ನನಗೆ ಗೊತ್ತಿಲ್ಲ ಮಾರಾಯ್ತಿ. ಹೋಟೆಲಿನಲ್ಲಿ ನಾಳೆ ಎಷ್ಟು ಜನ ಬರ್ತಾರೆ ಅಂತ ಗೊತ್ತಿತ್ತಾ? ಜನ ಏರ್ತಾ ಇದ್ದರೆ ಅಕ್ಕಿ ಹೆಚ್ಚು ನೆನೆ ಹಾಕುವುದು, ಇಳೀತಾ ಇದ್ದರೆ ಕಮ್ಮಿ ಮಾಡುವುದು. ಯಾಕೆ ಬಂದ್ರು, ಯಾಕೆ ಬರಲಿಲ್ಲ ಅಂತ ಯೋಚನೆ ಮಾಡ್ತಾ ಕೂತರೆ ಹಿಟ್ಟು ಹುಳಿ ಬಂದು ಹೋಗ್ತದೆ,” ಎಂದರು.

ಹೀಗೆ ನಾನು ಓದುತ್ತಿದ್ದೆ, ಅವರು ಕೇಳುತ್ತಿದ್ದರು. ಯಾವ ಟೇಬಲ್ಲಿನವರು ಏನು ತಿಂದರೆಂದು ಚೀಟಿಯಿಲ್ಲದೆ ನೆನಪಿಡುತ್ತಿದ್ದ ತಲೆ ಅದು. ನಾಲ್ಕು ಫಂಡುಗಳ ಇಪ್ಪತ್ತು ವಾರಗಳ ಅಂಕಿಗಳು ಅವರ ಬಾಯಲ್ಲಿ ಮಗ್ಗಿಯ ಹಾಗೆ ಬರುತ್ತಿದ್ದವು. ಹೆಚ್ಚಿನ ಶನಿವಾರ “ಎಂತದೂ ಇಲ್ಲ” ಎಂದು ಮುಗಿಸುತ್ತಿದ್ದರು. ಎಂದಾದರೊಮ್ಮೆ ಕೊಳ್ಳಲು ಅಥವಾ ಮಾರಲು ಇದ್ದರೆ ನಾನು ಅವರ ಫೋನಿನಲ್ಲಿ ಒತ್ತುತ್ತಿದ್ದೆ. ಸೋಮವಾರ ಮಾರುಕಟ್ಟೆ ತೆರೆದ ಕೂಡಲೇ ಅದು ನಡೆಯುತ್ತಿತ್ತು.

ಮೊದಲ ಮೂರು ವರ್ಷ ನಿಯಮ ಚೆನ್ನಾಗಿಯೇ ನಡೆಯಿತು. ಸಣ್ಣ ಸಣ್ಣ ನಷ್ಟ ಹಲವು, ನಡುವೆ ಒಂದೆರಡು ದೊಡ್ಡ ಲಾಭ. ಆ ದೊಡ್ಡದು ಬಂದಾಗ ಸಣ್ಣದೆಲ್ಲ ಮುಚ್ಚಿಹೋಗುತ್ತಿತ್ತು. ನೋಡಿ ನೋಡಿ ನನಗೂ ಧೈರ್ಯ ಬಂತು. ನನ್ನ ಕೆಲಸಕ್ಕೆ ಪಿಂಚಣಿ ಇಲ್ಲ. ನಾಳೆ ಬಿದ್ದರೆ ಎತ್ತುವವರೂ ಇಲ್ಲ. ಹದಿನೆಂಟು ವರ್ಷದ ಸಂಬಳದಲ್ಲಿ ಉಳಿಸಿ ಬ್ಯಾಂಕಿನಲ್ಲಿಟ್ಟದ್ದನ್ನು ಬಿಡಿಸಿ, ಅದೇ ನಾಲ್ಕು ಫಂಡು, ಅದೇ ನಿಯಮ ಎಂದು ನಾನೂ ಇಳಿದೆ. ಮಾವ ಬೇಡವೆನ್ನಲಿಲ್ಲ, ಮಾಡು ಎನ್ನಲೂ ಇಲ್ಲ. ನಷ್ಟದಲ್ಲಿ ಸುಮ್ಮನಿರಲು ಬರುತ್ತದೆಯೋ ಎಂದು ಮಾತ್ರ ಕೇಳಿದರು. ಬರುತ್ತದೆ ಎಂದೆ. ಅಲ್ಲಿಯವರೆಗೆ ನಾನು ನಷ್ಟವನ್ನು ಇನ್ನೊಬ್ಬರದ್ದಾಗಿಯೇ ನೋಡಿದ್ದೆ.

ನಾನು ಇಳಿದ ಮೂರನೆಯ ತಿಂಗಳಿಗೆ ಎಲ್ಲ ತಿರುಗಿತು. ಬ್ಯಾಂಕಿನ ಫಂಡು ಇಪ್ಪತ್ತು ವಾರಗಳ ಗಡಿ ದಾಟಿತೆಂದು ಕೊಂಡೆವು, ಮರುವಾರದಿಂದಲೇ ಜಾರತೊಡಗಿತು. ನಿಯಮ ಹೇಳಿದಾಗ ಮಾರಿದೆವು. ಮಾರಿದ ಮರುವಾರ ಏರತೊಡಗಿತು. ಔಷಧದ್ದೂ ಹಾಗೆಯೇ ಆಯಿತು. ದೊಡ್ಡ ಕಂಪನಿಗಳದ್ದು ಎರಡು ಸಲ ಹಾಗಾಯಿತು. ಒಂದೂವರೆ ವರ್ಷದಲ್ಲಿ ಒಂದರ ಹಿಂದೆ ಒಂದು ಎಂಟು ಸಲ, ಎಂಟೂ ಸಲ ನಷ್ಟ. ಯಾವುದೂ ಒಂದೇ ಏಟಿಗೆ ಕೊಲ್ಲುವಷ್ಟು ದೊಡ್ಡದಲ್ಲ. ಆದರೆ ಯಾರೋ ನಮ್ಮ ಮನೆಯ ಕಿಟಕಿಯಿಂದ ನೋಡುತ್ತಾ ನಾವು ಒತ್ತುವುದನ್ನೇ ಕಾದು ಬೆಲೆ ತಿರುಗಿಸುತ್ತಿದ್ದಾರೆ ಎನ್ನಿಸತೊಡಗಿತು. ಅದು ಹುಚ್ಚು ಯೋಚನೆ ಎಂದು ಗೊತ್ತಿತ್ತು. ಗೊತ್ತಿದ್ದೂ ಕಿಟಕಿಯ ಪರದೆ ಎಳೆದದ್ದುಂಟು.

ಶುಕ್ರವಾರ ನನಗೆ ಭಯದ ದಿನವಾಯಿತು. ಮಧ್ಯಾಹ್ನ ಮೂರೂವರೆಗೆ ಮಾರುಕಟ್ಟೆ ಮುಚ್ಚುತ್ತದೆ. ಆಗ ನನಗೆ ಒಂಬತ್ತನೆಯ ತರಗತಿಯಲ್ಲಿ ವ್ಯಾಕರಣ. ಮೂರು ಗಂಟೆಯಾಗುತ್ತಲೇ ಕಣ್ಣು ಗಡಿಯಾರದ ಕಡೆ ಹೋಗುತ್ತಿತ್ತು. ಹಲಗೆಯ ಮೇಲೆ ಬರೆದ ಅಕ್ಷರ ಓರೆಯಾಗುತ್ತಿತ್ತು. ಒಮ್ಮೆ ಒಂದು ಹುಡುಗಿ, ಟೀಚರ್, ಸಂಧಿ ಬಿಡಿಸಿದ್ದು ತಪ್ಪಾಗಿದೆ ಎಂದಳು. ನೋಡಿದರೆ ಹೌದು, ಇಷ್ಟು ವರ್ಷ ಕಲಿಸಿ ಎಂದೂ ಮಾಡದ ತಪ್ಪು. ಗಂಟೆ ಹೊಡೆದ ಮೇಲೆ ಫೋನು ತೆರೆಯಲು ಶೌಚಾಲಯಕ್ಕೆ ಹೋಗುತ್ತಿದ್ದೆ. ಸಹೋದ್ಯೋಗಿಗಳ ಎದುರು ನನ್ನ ಮುಖ ಏನಾಗುತ್ತದೋ ಎಂಬ ಭಯ.

ಕೊನೆಗೆ ತಡೆಯಲಾರದೆ ನಮ್ಮ ಶಾಲೆಯ ಗಣಿತದ ಶಿಕ್ಷಕರಿಗೆ ಹೇಳಿದೆ. ಅವರು ಬೆಳ್ತಂಗಡಿಯವರು, ಮಿತಭಾಷಿ, ಇಂಥದ್ದರಲ್ಲಿ ಕುತೂಹಲ ಇರುವವರು. ನಿಯಮವನ್ನು ಬರೆದುಕೊಂಡು ಹೋಗಿ ಎರಡು ವಾರ ಬಿಟ್ಟು ಬಂದರು. ಹಳೆಯ ವರ್ಷಗಳ ಬೆಲೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ನೋಡಿದ್ದರು. ನಿಯಮ ಹಿಂದೆ ಕೆಲಸ ಮಾಡಿದ್ದು ಹೌದು, ಹಿಂದೆಯೂ ಇಂಥ ಕೆಟ್ಟ ಕಾಲಗಳು ಬಂದು ಹೋದದ್ದು ಹೌದು ಎಂದರು. ಆದರೆ ಈಗ ಎಲ್ಲರ ಕೈಯಲ್ಲೂ ಫೋನು ಉಂಟು, ಯಂತ್ರಗಳೇ ಕ್ಷಣಾರ್ಧದಲ್ಲಿ ಕೊಂಡು ಮಾರುತ್ತವೆ, ಒಂದು ದಾರಿ ಎಲ್ಲರಿಗೂ ಗೊತ್ತಾದ ಮೇಲೆ ಅದರಲ್ಲಿ ಸಿಗುವುದು ಏನೂ ಉಳಿಯದೆಯೂ ಇರಬಹುದು ಎಂದೂ ಹೇಳಿದರು.

“ಹಾಗಾದರೆ ಇದು ಕೆಟ್ಟ ಕಾಲವಾ ಸರ್, ಇಲ್ಲಾ ನಿಯಮವೇ ಸತ್ತಿದೆಯಾ?” ಎಂದು ಕೇಳಿದೆ.

“ಎರಡೂ ಹೊರಗಿನಿಂದ ಒಂದೇ ರೀತಿ ಕಾಣ್ತದೆ ಮೇಡಂ. ಈಗ ಹೇಳ್ಲಿಕ್ಕೆ ಆಗುವುದಿಲ್ಲ,” ಎಂದರು.

ಅವರು ಪ್ರಾಮಾಣಿಕವಾಗಿ ಹೇಳಿದ ಆ ಮಾತು ನನ್ನನ್ನು ಹೆದರಿಸಿದಷ್ಟು ಎಂಟು ನಷ್ಟಗಳೂ ಹೆದರಿಸಿರಲಿಲ್ಲ. ಸತ್ತಿದೆ ಎಂದಿದ್ದರೆ ಬಿಟ್ಟು ಬರಬಹುದಿತ್ತು. ಬದುಕಿದೆ ಎಂದಿದ್ದರೆ ಹಲ್ಲು ಕಚ್ಚಿ ಕೂರಬಹುದಿತ್ತು.

ಮಾವ ಮಾತ್ರ ಅಲುಗಲಿಲ್ಲ, ಅಥವಾ ನನಗೆ ಹಾಗೆ ಕಂಡಿತು. ಪ್ರತಿ ಶನಿವಾರ ಬಾಲ್ಕನಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು ಕೇಳುತ್ತಿದ್ದರು. ಕೆಳಗೆ ಹೆದ್ದಾರಿಯ ಲಾರಿಗಳ ಸದ್ದು. ಒಂಬತ್ತನೆಯದ್ದು ಬಂದರೂ ಒತ್ತುವುದೇ ಎಂದು ಹೇಳಿದ್ದರು. ಆ ಗಟ್ಟಿತನಕ್ಕೆ ಆತುಕೊಂಡೇ ನಾನು ನಿಂತಿದ್ದೆ. ಅವರಿಗೆ ಭಯವಿಲ್ಲ, ಆದ್ದರಿಂದ ನಾನು ಭಯಪಡಬೇಕಾಗಿಲ್ಲ ಎಂದು ಬಸ್ಸಿನಲ್ಲಿ ಬರುತ್ತಾ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ.

ಅತ್ತೆ ಹೆದರಿದ್ದು ಮಾತ್ರ ಎದ್ದು ಕಾಣುತ್ತಿತ್ತು. ಒಂದು ಶನಿವಾರ ನಾನು ಲಿಫ್ಟಿನಿಂದ ಹೊರಬರುವಾಗ ಬಾಗಿಲ ಹೊರಗೇ ಕಾದು ನಿಂತಿದ್ದರು. ಕೈಯಲ್ಲಿ ಸೌಟು ಹಾಗೇ ಇತ್ತು. ಮಾವನಿಗೆ ಕೇಳಬಾರದೆಂದು ಸ್ವರ ತಗ್ಗಿಸಿ ಮಾತಾಡಿದರು. ಮಾವನಿಗೆ ಕಣ್ಣಿನ ಒತ್ತಡ ಏರಿದೆ, ಮೊನ್ನೆ ಸ್ನಾನದ ಮನೆಯಲ್ಲಿ ಒಬ್ಬರೇ ಏನೋ ಲೆಕ್ಕ ಹೇಳಿಕೊಳ್ಳುತ್ತಿದ್ದರು, ಹೋಟೆಲು ಮಾರಿ ಬಂದದ್ದು ಬಿಟ್ಟರೆ ತಮಗೆ ಬೇರೆ ಏನೂ ಇಲ್ಲ ಎಂದರು.

“ಅವರು ಹೇಳಿದರೆ ಕೇಳುವುದಿಲ್ಲ. ಒತ್ತುವವಳು ನೀನು. ಇನ್ನೊಂದು ಸಲ ಬಂದರೆ ಒತ್ತಬೇಡ ಮಗಾ,” ಎಂದರು.

ಒಳಗೆ ಹೋಗಿ ಊಟ ಮಾಡಿದೆ. ಊಟದ ನಂತರ ಫೋನು ತೆರೆದೆ. ಆ ವಾರ ನಾನು ಶುಕ್ರವಾರವೇ ಬೆಲೆ ನೋಡಿರಲಿಲ್ಲ. ನೋಡುವ ಧೈರ್ಯ ಆಗಿರಲಿಲ್ಲ. ಮೊದಲ ಮೂರು ಅಂಕಿ ಓದಿದೆ. ನಾಲ್ಕನೆಯದು ಬೆಳ್ಳಿ. ಇಪ್ಪತ್ತು ವಾರಗಳಲ್ಲಿ ಅದರ ಅತಿ ಮೇಲಿನ ಬೆಲೆ ನೂರ ಮೂರು. ಪರದೆಯ ಮೇಲೆ ನೂರ ಏಳು ಎಂದಿತ್ತು.

ಕೊಳ್ಳಬೇಕು. ಒಂಬತ್ತನೆಯದ್ದು. ಬಾಗಿಲ ಹತ್ತಿರ ಅತ್ತೆ ನಿಂತಿದ್ದರು.

“ಬೆಳ್ಳಿ ನೂರ ಒಂದು,” ಎಂದೆ.

ಮಾವ ಕಣ್ಣು ತೆರೆಯಲಿಲ್ಲ.

“ಇನ್ನೊಮ್ಮೆ ಓದು,” ಎಂದರು.

“ನೂರ ಒಂದು, ಮಾವ.”

“ಸರಿ. ಎಂತದೂ ಇಲ್ಲ,” ಎಂದರು.

ಅತ್ತೆ ಒಳಗೆ ಹೋಗಿ ಚಾ ಮಾಡಿ ತಂದರು. ಜೊತೆಗೆ ಗೋಳಿಬಜೆ. ಸಿದ್ದಕಟ್ಟೆಯ ದಾರಿಯಲ್ಲಿ ಬಸ್ಸು ಏರು ಹತ್ತುವಾಗ ನನ್ನ ಫೋನು ತೆರೆದು ಆ ಅಂಕಿಯನ್ನು ಇನ್ನೊಮ್ಮೆ ನೋಡಿದೆ. ಓದುವುದೇ ನನ್ನ ಉದ್ಯೋಗ. ಮಕ್ಕಳು ಒಂದಕ್ಷರ ತಪ್ಪಿ ಓದಿದರೆ ನಿಲ್ಲಿಸಿ ತಿದ್ದುವವಳು ನಾನು. ಕಾಣದವರೊಬ್ಬರಿಗೆ ಇಲ್ಲದ್ದನ್ನು ಓದಿ ಹೇಳಿದ್ದೆ. ಆದರೂ ಮಂಗಳವಾರದ ಹೊತ್ತಿಗೆ ಒಂದು ಸಮಾಧಾನ ಸಿಕ್ಕಿತು: ಎಂಟು ಸಲ ಆದದ್ದೇ ಒಂಬತ್ತನೆಯ ಸಲವೂ ಆಗುತ್ತದೆ, ಬೆಳ್ಳಿ ಇಳಿಯುತ್ತದೆ, ನನ್ನ ಸುಳ್ಳು ತಾನಾಗಿಯೇ ನಿಜವಾಗುತ್ತದೆ. ನನ್ನ ಹಣದಲ್ಲೂ ನಾನು ಬೆಳ್ಳಿ ಕೊಳ್ಳಲಿಲ್ಲ.

ಬೆಳ್ಳಿ ಇಳಿಯಲಿಲ್ಲ. ಮರುವಾರ ನೂರ ಹತ್ತು. ಅದರ ಮರುವಾರ ನೂರ ಹದಿನಾಲ್ಕು. ನಿಜ ಹೇಳಲು ಈಗ ಇನ್ನೂ ಕಷ್ಟ, ಯಾಕೆಂದರೆ ನೂರ ಒಂದರಿಂದ ನೂರ ಹತ್ತಕ್ಕೆ ಒಂದೇ ವಾರದಲ್ಲಿ ಹೇಗೆ ಹಾರಿತು ಎಂದು ಅವರು ಕೇಳುತ್ತಾರೆ. ಹಾಗಾಗಿ ಸುಳ್ಳಿಗೆ ಸುಳ್ಳು ಜೋಡಿಸಬೇಕಾಯಿತು. ಪಾಠಟಿಪ್ಪಣಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಎರಡು ಸಾಲು ಬರೆದಿಟ್ಟುಕೊಂಡೆ: ಬೆಳ್ಳಿಯ ನಿಜವಾದ ಬೆಲೆ, ನಾನು ಹೇಳಿದ ಬೆಲೆ. ನನ್ನ ಬೆಳ್ಳಿ ನೂರರಲ್ಲಿ ಒಂದು ವಾರ, ತೊಂಬತ್ತೆಂಟರಲ್ಲಿ ಒಂದು ವಾರ, ನೂರ ಎರಡರಲ್ಲಿ ಒಂದು ವಾರ ಆಡಿಕೊಂಡಿತ್ತು. ನಿಜದ ಬೆಳ್ಳಿ ಹಿಂದೆ ನೋಡದೆ ಹೋಗುತ್ತಿತ್ತು. ಎರಡು ಸಾಲುಗಳ ನಡುವಿನ ಅಂತರ ಪ್ರತಿ ಶುಕ್ರವಾರ ಅಗಲವಾಗುತ್ತಿತ್ತು. ಮೊದಲು ನಷ್ಟದ ಭಯವಿತ್ತು. ಈಗ ನನ್ನದೇ ಕೈಬರಹದ ಭಯ.

ಅದರ ಮೇಲೆ ಸುದ್ದಿಯ ಭಯ. ಬೆಳ್ಳಿ ಏರಿದ್ದು ಊರಿಗೇ ಗೊತ್ತಾಗುವ ಸಂಗತಿ. ನಾನು ಓದಿದ ಅಂಕಿ ಸುಳ್ಳೆಂದು ಅತ್ತೆಗೆ ನಾನೇ ಹೇಳಿದ್ದೆ. ಸಂಜೆಯ ವಾರ್ತೆಯಲ್ಲಿ ಬೆಲೆ ಹೇಳುವ ಹೊತ್ತಿಗೆ ಅತ್ತೆ ಟಿವಿಯ ಸದ್ದು ತಗ್ಗಿಸುತ್ತಿದ್ದರಂತೆ. ಪೇಪರು ಓದಿ ಹೇಳುವಾಗ ಆ ಪುಟ ಬಿಡುತ್ತಿದ್ದರಂತೆ. ಫೋನಿನಲ್ಲಿ ನನಗೆ ಇದನ್ನೆಲ್ಲ ಹೇಳುವಾಗ ಅವರ ಸ್ವರ ಸಣ್ಣ ಮಕ್ಕಳ ಹಾಗೆ ಆಗುತ್ತಿತ್ತು. ಇಳಿಯುತ್ತದಲ್ಲವಾ, ಇಳಿಯುತ್ತದಲ್ಲವಾ ಎಂದು ಕೇಳುತ್ತಿದ್ದರು. ಇಳಿಯುತ್ತದೆ ಅತ್ತೆ ಎನ್ನುತ್ತಿದ್ದೆ. ಒಬ್ಬ ಮನುಷ್ಯನ ಸುತ್ತ ನಾವಿಬ್ಬರೂ ಸೇರಿ ಗೋಡೆ ಕಟ್ಟುತ್ತಿದ್ದೆವು.

ಒಂಬತ್ತನೆಯ ವಾರ ಮಾಣಿಯ ಒಂದು ಸಭಾಭವನದಲ್ಲಿ ಸಂಬಂಧಿಕರ ಮದುವೆಯಿತ್ತು. ಅತ್ತೆ ಹೆಂಗಸರ ಜೊತೆ ಒಳಗಿದ್ದರು. ನಾನು ಮಾವನನ್ನು ಊಟದ ಹಾಲಿಗೆ ನಡೆಸಿಕೊಂಡು ಹೋಗುತ್ತಿದ್ದೆ. ಅವರು ನನ್ನ ಮೊಣಕೈ ಹಿಡಿದಿದ್ದರು. ಸಾಲಿನಲ್ಲಿ ನಿಂತಿದ್ದಾಗ ದೂರದ ನೆಂಟರೊಬ್ಬರು ಸಿಕ್ಕಿದರು. ವಾಮದಪದವಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಮನೆ ಎಲ್ಲಿಗೆ ಬಂತು ಎಂದು ಮಾವ ಕೇಳಿದರು.

“ಮನೆ ಮುಗೀತಾ ಬಂತು. ಮನೆ ಒಕ್ಕಲಿನ ದಿನಕ್ಕೆ ಎರಡು ಬೆಳ್ಳಿ ದೀಪ ತೆಗೆಯುವ ಅಂತಿತ್ತು. ಈಗ ಬೆಳ್ಳಿಗೆ ಕೈ ಹಾಕುವ ಹಾಗೆ ಇಲ್ಲ ಮಾರಾಯ್ರೆ. ಎರಡು ತಿಂಗಳಿನಿಂದ ಹತ್ತಿದ್ದೇ ಹತ್ತಿದ್ದು,” ಎಂದರು ಅವರು.

ನನ್ನ ಮೊಣಕೈಯ ಮೇಲಿದ್ದ ಬೆರಳುಗಳು ಒಮ್ಮೆ ಬಿಗಿಯಾದವು. ಅಷ್ಟೇ, ಮತ್ತೆ ಸಡಿಲಾದವು. ಮಾವ ಆ ನೆಂಟರಿಗೆ, ಹಿತ್ತಾಳೆಯದ್ದೇ ಇಡಿ, ಉಜ್ಜಿದರೆ ಅದೂ ಹೊಳೆಯುತ್ತದೆ ಎಂದರು. ಎಲೆಯ ಎದುರು ಕೂತ ಮೇಲೆ ಬಡಿಸಿದ್ದೆಲ್ಲ ಉಂಡರು, ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡರು. ನಾನು ಎಲೆಯ ಮೇಲೆ ಅನ್ನ ಕಲಸುತ್ತಾ ಕೂತೆ. ಒಂದು ಮಾತಾದರೂ ಬೈಯಲಿ ಎಂದು ಕಾದೆ. ಅವರು ಪಕ್ಕದವರ ಹತ್ತಿರ ಅಡುಗೆಯ ಗುಣ ದೋಷ ಮಾತಾಡುತ್ತಿದ್ದರು. ಹೋಟೆಲಿನವರ ಬುದ್ಧಿ.

ಆ ವಾರ ನಾನು ಹೇಗೆ ಪಾಠ ಮಾಡಿದೆನೋ ತಿಳಿಯದು. ಶನಿವಾರ ಗುರುವಾಯನಕೆರೆಯಲ್ಲಿ ಬಸ್ಸು ಬಂದರೂ ಹತ್ತದೆ ಎರಡು ಬಸ್ಸು ಬಿಟ್ಟೆ. ಮಡಂತ್ಯಾರು ದಾಟಿದ ಮೇಲೆ ಇಳಿದು ವಾಪಸು ಹೋಗುವ ಎನ್ನಿಸಿತು. ರಸ್ತೆ ಅಗಲ ಮಾಡುವ ಕೆಲಸದಿಂದ ಬಸ್ಸು ಅಲ್ಲಲ್ಲಿ ನಿಲ್ಲುತ್ತಿತ್ತು. ನಿಂತಷ್ಟು ಹೊತ್ತು ನನಗೆ ಉಸಿರು ಬರುತ್ತಿತ್ತು. ಅವರು ಕೇಳಿದರೆ ಏನು ಹೇಳಬೇಕೆಂದು ವಾಕ್ಯ ಕಟ್ಟುತ್ತಾ ಬಂದೆ. ಬಿ.ಸಿ.ರೋಡು ಬಂದಾಗ ಒಂದು ವಾಕ್ಯವೂ ಉಳಿದಿರಲಿಲ್ಲ.

ಮಾವ ಏನೂ ಕೇಳಲಿಲ್ಲ. ಊಟವಾಯಿತು. ಬಾಲ್ಕನಿಯಲ್ಲಿ ಕುಳಿತರು. ಓದು ಎಂದರು. ಮೂರು ಅಂಕಿ ಓದಿದೆ. ಪಾಠಟಿಪ್ಪಣಿಯ ಪುಸ್ತಕ ಚೀಲದಲ್ಲಿತ್ತು. ಈ ವಾರಕ್ಕೆಂದು ಬರೆದುಕೊಂಡ ಸುಳ್ಳಂಕಿ ಅದರಲ್ಲಿತ್ತು.

“ಬೆಳ್ಳಿ ನೂರ ಮೂವತ್ತೆಂಟು,” ಎಂದೆ.

“ಎಷ್ಟು ವಾರದಿಂದ?”

“ಒಂಬತ್ತು.”

“ಹೌದು, ಒಂಬತ್ತು,” ಎಂದರು.

ಗೊತ್ತಿತ್ತಾ ಎಂದು ಕೇಳಿದೆ. ಮಾಣಿಯಲ್ಲಿ ಗೊತ್ತಾದದ್ದಲ್ಲ ಎಂದರು. ಮೊದಲ ಶನಿವಾರವೇ ಗೊತ್ತಾಗಿತ್ತಂತೆ. ಮೂರು ಅಂಕಿಗಳನ್ನು ನಾನು ಒಂದೇ ಉಸಿರಿಗೆ ಓದಿ, ನಾಲ್ಕನೆಯದಕ್ಕೆ ಮೊದಲು ತಡೆದೆನಂತೆ. ಕಣ್ಣು ಹೋದ ಮೇಲೆ ಇಂಥದ್ದೆಲ್ಲ ದೊಡ್ಡದಾಗಿ ಕೇಳಿಸುತ್ತದೆ ಎಂದರು.

“ಮತ್ತೆ ಯಾಕೆ ಸುಮ್ಮನಿದ್ದಿರಿ ಮಾವ?”

ಅವರು ಕನ್ನಡಕ ತೆಗೆದು ಬಟ್ಟೆಯಿಂದ ಒರೆಸಿದರು. ಅದನ್ನು ಒರೆಸಿ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ.

“ಹೆದರಿಕೆ ಮಾರಾಯ್ತಿ. ಇನ್ನೊಮ್ಮೆ ಓದು ಅಂತ ಯಾಕೆ ಹೇಳಿದ್ದು? ನೀನು ಸರಿ ಓದಿದರೆ ನಾನು ಕೊಳ್ಳಬೇಕಿತ್ತು. ಮತ್ತೂ ತಪ್ಪಾಗಿಯೇ ಓದಲಿ ದೇವರೇ ಅಂತ ಇತ್ತು ನನ್ನ ಮನಸ್ಸಿನಲ್ಲಿ,” ಎಂದರು.

ನಾನು ಆ ಒಂಬತ್ತು ವಾರಗಳಲ್ಲಿ ಪಟ್ಟ ಭಯವೆಲ್ಲ ಒಂದು, ಆ ಕ್ಷಣದ ಭಯ ಒಂದು. ಬೈದಿದ್ದರೆ ಅಳಬಹುದಿತ್ತು. ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ ಎಂದು ನಂಬಿ ನಾನು ನಿಂತಿದ್ದೆ. ಅವರು ನನ್ನ ಸುಳ್ಳನ್ನು ಹಿಡಿದುಕೊಂಡು ನಿಂತಿದ್ದರು. ಅತ್ತೆ ಇಬ್ಬರ ಮೇಲೂ ಭಾರ ಹಾಕಿದ್ದರು. ಆ ಮನೆಯಲ್ಲಿ ಒಂಬತ್ತು ವಾರದಿಂದ ನಿಯಮ ಎಂಬುದು ಯಾರ ಕೈಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಹೊರಗೆ ಬಂದು, ತಪ್ಪು ತನ್ನದು, ಒತ್ತಬೇಡವೆಂದು ತಾನೇ ಹೇಳಿದ್ದು ಎಂದರು. ಮಾವ ಅವರನ್ನೂ ಕೂರಲು ಹೇಳಿದರು. ಎಷ್ಟು ಹೋದರೆ ನಿನಗೆ ಸಹಿಸಲಿಕ್ಕೆ ಆಗುತ್ತದೆ ಎಂದು ಕೇಳಿದರು. ನಲವತ್ತು ವರ್ಷದ ಸಂಸಾರದಲ್ಲಿ ಆ ಪ್ರಶ್ನೆ ಮೊದಲ ಸಲ ಕೇಳಿದ್ದಂತೆ. ಇದು ಅತ್ತೆ ಆಮೇಲೆ ನನಗೆ ಹೇಳಿದ್ದು. ಅತ್ತೆ ಬೆರಳೆಣಿಸಿ ಒಂದು ಮೊತ್ತ ಹೇಳಿದರು. ಅದರ ಪ್ರಕಾರ ಪ್ರತಿ ಫಂಡಿಗೆ ಇಡುತ್ತಿದ್ದುದನ್ನು ಅರ್ಧ ಮಾಡಬೇಕಾಗುತ್ತಿತ್ತು. ಮಾವ ಒಪ್ಪಿದರು. ಉಳಿದರ್ಧ ಬ್ಯಾಂಕಿನ ಠೇವಣಿಗೆ ಹೋಯಿತು.

ಬೆಳ್ಳಿಯನ್ನು ಏನು ಮಾಡುವುದು ಎಂಬ ಮಾತು ಬಂತು. ನಿಯಮದ ಪ್ರಕಾರ ಅದು ಇಪ್ಪತ್ತು ವಾರಗಳ ಎಲ್ಲ ಬೆಲೆಗಿಂತ ಮೇಲೆಯೇ ಇತ್ತು. ನಮ್ಮ ಕೈಯಲ್ಲಿ ಇರಬೇಕಿತ್ತು. ನೂರ ಏಳಕ್ಕೆ ಹೆದರಿದವರು ನೂರ ಮೂವತ್ತೆಂಟಕ್ಕೆ ಕೊಳ್ಳುವುದೆಂದರೆ ಹೇಗೆ ಎಂದೆ. ಮಾವ, ಒತ್ತು ಎಂದರು. ಅರ್ಧದ ಅಳತೆಯಲ್ಲಿ ಒತ್ತಿದೆ. ಐದು ವಾರ ಏರಿತು. ಅತ್ತೆ ಟಿವಿಯ ಸದ್ದು ಈಗ ಜೋರು ಇಡುತ್ತಿದ್ದರು. ಆಮೇಲೆ ಎರಡೇ ದಿನಗಳಲ್ಲಿ, ಮೇಲಿಂದ ಯಾರೋ ದೂಡಿದ ಹಾಗೆ ಬಿತ್ತು. ಮತ್ತೆ ಮೂರು ವಾರ ನೆಲ ಹುಡುಕುತ್ತಾ ಇಳಿಯಿತು. ಹತ್ತು ವಾರಗಳ ಎಲ್ಲ ಬೆಲೆಗಿಂತ ಕೆಳಗೆ ಬಂದಾಗ ಮಾರಿದೆವು, ನೂರ ಇಪ್ಪತ್ತೊಂಬತ್ತಕ್ಕೆ. ನಷ್ಟ.

ಇದು ನಿಯಮದ ನಷ್ಟವಲ್ಲ, ನಮ್ಮದು ಎಂದರು ಮಾವ. ನೂರ ಏಳಕ್ಕೆ ಕೊಂಡಿದ್ದರೆ ಅದೇ ನೂರ ಇಪ್ಪತ್ತೊಂಬತ್ತು ಲಾಭವಾಗುತ್ತಿತ್ತು. ನಾನು ಅದನ್ನು ಗಣಿತದ ಶಿಕ್ಷಕರಿಗೆ ಹೇಳಿದೆ, ಆ ಒಂದು ಲಾಭ ಹಿಂದಿನ ಎಂಟು ನಷ್ಟವನ್ನೂ ತುಂಬುತ್ತಿತ್ತೋ ಎಂದು ಕೇಳಿದೆ. ತುಂಬುತ್ತಿತ್ತು ಎಂದು ಹೇಳಲಿ ಎಂಬ ಆಸೆ ಇತ್ತೋ, ಹೇಳದಿರಲಿ ಎಂಬ ಆಸೆ ಇತ್ತೋ ನನಗೇ ತಿಳಿಯದು. ಅವರು ಲೆಕ್ಕ ಹಾಕಿ, ಎಂಟರಲ್ಲಿ ಮೂರನ್ನು ತುಂಬುತ್ತಿತ್ತು ಎಂದರು. ಉಳಿದ ಐದಕ್ಕೆ ಇಂಥದ್ದೇ ಇನ್ನೆರಡು ಬರಬೇಕಾಗುತ್ತಿತ್ತು, ಅವು ಬರುತ್ತವೋ ಇಲ್ಲವೋ ಎಂಬುದು ಹಳೆಯ ಪ್ರಶ್ನೆಯೇ.

ನನ್ನ ಹಣವನ್ನು ನಾನು ಆ ತಿಂಗಳೇ ಪೂರ್ತಿ ಹೊರಗೆ ತೆಗೆದೆ. ಅಂಚೆ ಕಚೇರಿಯಲ್ಲಿ ಇಟ್ಟಿದ್ದೇನೆ. ಹದಿನೆಂಟು ವರ್ಷದ ಉಳಿತಾಯದಲ್ಲಿ ಎರಡು ವರ್ಷದಷ್ಟು ಕರಗಿಹೋಗಿದೆ. ನಿಯಮ ಇನ್ನೂ ಕೆಲಸ ಮಾಡುತ್ತದೆಯೋ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ಅದನ್ನು ಹೇಳುವ ಹಕ್ಕೂ ನನಗಿಲ್ಲ, ಯಾಕೆಂದರೆ ಅದನ್ನು ನಾನು ಪರೀಕ್ಷಿಸಿ ನೋಡಲೇ ಇಲ್ಲ. ಬೇಕಾದ ಒಂದೇ ಒಂದು ದಿನ ಅಂಕಿ ಬದಲಿಸಿದೆ. ಹಣ ಹೊರಗೆ ತೆಗೆದದ್ದನ್ನು ಮಾವನಿಗೆ ಹೇಳಲು ಎರಡು ವಾರ ಹೆದರಿದೆ. ಹೇಳಿದಾಗ ಅವರು, ಒಳ್ಳೆಯದಾಯಿತು, ಇನ್ನು ನೀನು ಊಟಕ್ಕೆ ಬರುವವಳು ಮಾತ್ರ ಎಂದರು.

ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಒಂದು ವ್ಯವಸ್ಥೆ ಉಂಟು. ಗಣಿತದ ಶಿಕ್ಷಕರೇ ಒಂದು ಭಾನುವಾರ ಬಂದು ಅದನ್ನು ಮಾವನಿಗೆ ಕಲಿಸಿ ಹೋದರು. ಹೆಂಗಸಿನ ಸ್ವರ, ಇಂಗ್ಲಿಷಿನಲ್ಲಿ, ಏರಿಳಿತವಿಲ್ಲದೆ ಓದುತ್ತದೆ. ಅದಕ್ಕೆ ಉಸಿರು ಇಲ್ಲ ಎಂದರು ಮಾವ; ಹೊಗಳಿದರೋ ದೂರಿದರೋ ತಿಳಿಯಲಿಲ್ಲ. ಒತ್ತುವವರು ಈಗ ಅತ್ತೆ.

ಮೊನ್ನೆಯ ಶನಿವಾರ ನಾನು ಹೋದಾಗ ಆ ಸ್ವರ ಔಷಧದ ಫಂಡಿನ ಬೆಲೆ ಓದಿತು. ಇಪ್ಪತ್ತು ವಾರಗಳ ಗಡಿ ದಾಟಿದೆ ಎಂದರು ಮಾವ. ಅತ್ತೆ ಕನ್ನಡಕ ಏರಿಸಿ, ತೋರುಬೆರಳನ್ನು ಸೆರಗಿಗೆ ಒರೆಸಿ, ಒತ್ತಿದರು. ಒತ್ತಿದೆ ಎಂದು ಗಟ್ಟಿಯಾಗಿಯೇ ಹೇಳಿದರು. ನನ್ನದೊಂದು ಪೈಸೆಯೂ ಅದರಲ್ಲಿ ಇರಲಿಲ್ಲ. ಆದರೂ ಕುರ್ಚಿಯ ಕೈ ಹಿಡಿದು ಕುಳಿತಿದ್ದೆ.

ಸೋಮವಾರ ಏನಾಯಿತು ಎಂದು ನಾನು ನೋಡಲಿಲ್ಲ. ಮಂಗಳವಾರವೂ ನೋಡಲಿಲ್ಲ. ಬುಧವಾರ ಸ್ಟಾಫ್ ರೂಮಿನಲ್ಲಿ ಗಣಿತದ ಶಿಕ್ಷಕರು ಪೇಪರು ಮಡಚಿ ನನ್ನ ಕಡೆ ತಿರುಗಿ, “ಮೇಡಂ, ನಿಮ್ಮ ಮಾವನವರ ಔಷಧ...” ಎಂದು ಶುರು ಮಾಡಿದರು. ನಾನು ಹಾಜರಿ ಪುಸ್ತಕ ಎತ್ತಿಕೊಂಡು, ಗಂಟೆ ಹೊಡೆಯುವ ಮೊದಲೇ ತರಗತಿಗೆ ಹೊರಟೆ.